ಹಳದಿ ಕೋಳಿಮರಿಗೆ ಯಾವ ಹಳೆ ಸಿನಿಮಾ? ಈಸ್ಟರ್ ಮಿಠಾಯಿ ಅಣಕಿಗೆ ಐಡಿಯಾ ಬೇಕು, ಅರ್ಜೆಂಟ್

ಕಡೂರು_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಮಗಳು ಆರನೇ ಕ್ಲಾಸು. ನಮ್ಮ ಊರಿನ ಲೈಬ್ರರಿಯಲ್ಲಿ ಈಸ್ಟರ್‌ಗೆ ಮುಂಚೆ ಒಂದು ಸ್ಪರ್ಧೆ ಇಟ್ಟಿದ್ದಾರೆ. ಪೀಪ್ಸ್ ಅಂತ ಮಾರ್ಷ್‌ಮೆಲೋ ಮಿಠಾಯಿ ಬರುತ್ತಲ್ಲ, ಮೈತುಂಬ ಸಕ್ಕರೆ ಮೆತ್ತಿದ ಹಳದಿ ಕೋಳಿಮರಿ, ಅದನ್ನೇ ನಟನಟಿ ಮಾಡಿ ಶೂ ಡಬ್ಬದೊಳಗೆ ಒಂದು ದೃಶ್ಯ ಕಟ್ಟಬೇಕು. ಈ ಸಲದ ವಿಷಯ ಹಳೆಯ ಸಿನಿಮಾದ ಅಣಕು. ಬೇಕಾದರೆ ಜೊತೆಗೆ ಒಂದು ನಿಮಿಷದೊಳಗಿನ ವಿಡಿಯೊ ಕೊಡಬಹುದು.

ತೊಂದರೆ ಏನಪ್ಪಾ ಅಂದರೆ, ಯಾವ ಸಿನಿಮಾ ಅಂತಲೇ ಗೊತ್ತಾಗುತ್ತಿಲ್ಲ. ಮಗಳು ಬರೀ ಹೆಸರು ತಿರುಚುತ್ತಾ ಕೂತಿದ್ದಾಳೆ. "ಗಾನ್ ವಿತ್ ದ ಪೀಪ್", "ಪೀಪ್ ಕಾಂಗ್", ಹೀಗೆ. ಹೆಸರಾದ ಮೇಲೆ ಮುಂದೇನು ಅಂದರೆ ಮುಖ ನೋಡುತ್ತಾಳೆ. ಇನ್ನೊಂದು, ಅತ್ತೆ ಮೈಸೂರಿನಿಂದ ಬಂದಿದ್ದಾರೆ. ಅಡುಗೆಮನೆ ಕಟ್ಟೆ ಮೇಲೆ ಮೂವತ್ತು ಕೋಳಿಮರಿ ಸಾಲಾಗಿ ಕೂತಿದ್ದು ನೋಡಿ "ಇದೇನೇ ಇದು?" ಅಂದರು. ನಾನು ಸಕ್ಕರೆ ಅಚ್ಚು ಇದ್ದ ಹಾಗೆ ಅಂತ ಹೇಳಿ ತಪ್ಪಿಸಿಕೊಂಡಿದ್ದೇನೆ. ಎಷ್ಟು ದಿನ ನಡೆಯುತ್ತೋ.

ಡೆಟ್ರಾಯಿಟ್_ಭಟ್ಟ

ಮೊದಲು ಆ ಪ್ಯಾಕೆಟ್ ಹಿಂದೆ ತಿರುಗಿಸಿ ಓದಿ ಮೇಡಂ. ಸಕ್ಕರೆ, ಕಾರ್ನ್ ಸಿರಪ್, ಆಮೇಲೆ ಜೆಲಟಿನ್. ಪೀಪ್ಸ್‌ನಲ್ಲಿರೋದು ಹಂದಿಯಿಂದ ತೆಗೆದ ಜೆಲಟಿನ್, ಕಂಪನಿಯೇ ಹೇಳುತ್ತೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಎರಡು ವರ್ಷ ಆರಾಮಾಗಿ ತಿಂದಿದ್ದೆ. ಗೊತ್ತಾದ ದಿನ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳೋದೋ ಬೇಡವೋ ಅಂತ ಒಂದು ಗಂಟೆ ಯೋಚಿಸಿದೆ. ಹೇಳಲಿಲ್ಲ.

ಸಕ್ಕರೆ ಅಚ್ಚು ಅಂತ ಹೇಳಿದ್ದೀರಿ ಅಂದರೆ ಅತ್ತೆ ಬಾಯಿಗೆ ಹಾಕಿಕೊಳ್ಳೋ ಚಾನ್ಸ್ ಇದೆ. ಬೇಗ ನಿಜ ಹೇಳಿಬಿಡಿ.

ಕಡೂರು_ಹುಡುಗಿ

ಅಯ್ಯೋ ರಾಮ. ಈಗಲೇ ಹೋದೆ.

ಕಡೂರು_ಹುಡುಗಿ

ಹೇಳಿದೆ. ಕೋಳಿಮರಿಗಳನ್ನೆಲ್ಲ ಗ್ಯಾರೇಜಿಗೆ ಗಡಿಪಾರು ಮಾಡಿದ್ದಾಯ್ತು. ಕಟ್ಟೆಯನ್ನ ಎರಡು ಸಲ ತೊಳೆದೆ. ಅತ್ತೆ ಮೂರನೇ ಸಲ ತೊಳೆದರು.

ಗಾಂಧಿಬಜಾರ್_ಗಿರಿ

ನಿಮ್ಮ ಮಗಳು ಮಾಡುತ್ತಿರೋ ತಪ್ಪನ್ನೇ ಈ ಅಣಕು ಮಾಡೋರಲ್ಲಿ ಮುಕ್ಕಾಲು ಜನ ಮಾಡುತ್ತಾರೆ. ಹೆಸರಲ್ಲಿ "ಪೀಪ್" ತುರುಕಿದರೆ ಅಣಕು ಆಗಲ್ಲ. ಕಾಸಾಬ್ಲಾಂಕಾದ ಹೀರೊ ಜಾಗದಲ್ಲಿ ಕೋಳಿಮರಿ ನಿಲ್ಲಿಸಿ ಅದಕ್ಕೊಂದು ಟೋಪಿ ಹಾಕಿದರೆ ಅದು ಟೋಪಿ ಹಾಕಿದ ಕೋಳಿಮರಿ, ಅಷ್ಟೇ. ಆ ಮಿಠಾಯಿಯ ಗುಣ ಮತ್ತು ಆ ಸಿನಿಮಾದ ಗುಣ ಎಲ್ಲೋ ಒಂದು ಕಡೆ ಡಿಕ್ಕಿ ಹೊಡೆಯಬೇಕು. ಆವಾಗ ನಗು ತಾನಾಗೇ ಬರುತ್ತೆ.

ಪೀಪ್ಸ್‌ನ ಗುಣ ಏನು? ಎಲ್ಲವೂ ಒಂದೇ ಥರ. ಕೈಯಿಲ್ಲ, ಕಾಲಿಲ್ಲ. ಮುಖದಲ್ಲಿ ಭಾವನೆಯೇ ಇಲ್ಲ, ಎರಡು ಚುಕ್ಕೆ ಕಣ್ಣು ಮಾತ್ರ. ಹಿಂಡಾಗಿ ಇದ್ದಾಗಲೇ ಚೆನ್ನ. ಇನ್ನೊಂದು ಮುಖ್ಯ: ಇವು ಹಕ್ಕಿಗಳು, ಆದರೆ ರೆಕ್ಕೆ ಇಲ್ಲ. ಮೊದಲು ಇತ್ತಂತೆ, 1955ರಲ್ಲಿ ಕಂಪನಿಯೇ ಕತ್ತರಿಸಿಬಿಟ್ಟಿತು.

ಈಗ ಹೇಳಿ, ಹಿಂಡು ಹಿಂಡಾಗಿ ಹಕ್ಕಿ ಬರುವ ಹಳೆ ಸಿನಿಮಾ ಯಾವುದು? ನಿರ್ದೇಶಕ ಹಿಚ್‌ಕಾಕ್‌ನ "ದ ಬರ್ಡ್ಸ್", 1963. ಮನುಷ್ಯರ ಮೇಲೆ ದಾಳಿ ಮಾಡೋ ಹಕ್ಕಿಗಳು. ಅದೇ ದಾಳಿಯನ್ನ ರೆಕ್ಕೆಯೇ ಇಲ್ಲದ, ಸಕ್ಕರೆ ಮೆತ್ತಿದ, ಮುದ್ದು ಮುಖದ ಮರಿಗಳು ಮಾಡಿದರೆ? ಬೇರೇನೂ ಸೇರಿಸೋದೇ ಬೇಡ.

ಮೊಸರನ್ನ

ಗಿರಿ ಸರ್, ನನ್ನ ಓಟು "ರಿಯರ್ ವಿಂಡೋ"ಗೆ. ಅದೂ ಹಿಚ್‌ಕಾಕೇ, 1954. ಇಂಗ್ಲಿಷಿನಲ್ಲಿ ಪೀಪ್ ಅಂದರೆ ಮರಿಯ ಕೂಗೂ ಹೌದು, ಕದ್ದು ಇಣುಕೋದೂ ಹೌದು. ಆ ಸಿನಿಮಾ ಪೂರ್ತಿ ಇಣುಕೋದೇ ಅಲ್ವಾ? ಕಾಲು ಮುರಿದುಕೊಂಡ ಫೋಟೊಗ್ರಾಫರ್ ಕಿಟಕಿ ಪಕ್ಕ ಕೂತು ಎದುರು ಮನೆಗಳನ್ನ ನೋಡೋದು. ಸ್ಟುಡಿಯೊದಲ್ಲಿ ಒಂದೇ ದೊಡ್ಡ ಸೆಟ್ ಹಾಕಿದ್ದರು, 31 ಅಪಾರ್ಟ್‌ಮೆಂಟ್ ಇತ್ತು ಅದರಲ್ಲಿ. ಶೂ ಡಬ್ಬದಲ್ಲಿ ಕಿಟಕಿ ಕತ್ತರಿಸಿದರೆ ಸೆಟ್ ರೆಡಿ.

ಜೊತೆಗೆ, ಕಾಲೇ ಇಲ್ಲದ ಮರಿಗೆ ಕಾಲಿಗೆ ಪ್ಲಾಸ್ಟರ್!

ಗಾಂಧಿಬಜಾರ್_ಗಿರಿ

ಪ್ಲಾಸ್ಟರ್ ವಿಷಯಕ್ಕೆ ನಿಮಗೆ ಪೂರ್ತಿ ಮಾರ್ಕ್ಸ್. ಒಪ್ಪಿದೆ.

ಡಬ್ಬಕ್ಕಾದರೆ ರಿಯರ್ ವಿಂಡೋ, ವಿಡಿಯೊಗಾದರೆ ಬರ್ಡ್ಸ್ ಅಂತ ನನ್ನ ಲೆಕ್ಕ. ನಿಂತ ದೃಶ್ಯ ಬೇರೆ, ಓಡೋ ದೃಶ್ಯ ಬೇರೆ.

ಸುಮ್ನಿರು_ಗುರು

ಸುಮ್ನೆ ಕೇಳ್ತೀನಿ, ತಿನ್ನೋ ಪದಾರ್ಥನ ಹೀಗೆ ಹಾಳು ಮಾಡೋದಕ್ಕೆ ಸ್ಪರ್ಧೆ ಬೇರೆ ಕೇಡು. ಅಮೆರಿಕದವರಿಗೆ ಮಾಡೋಕೆ ಕೆಲಸ ಇಲ್ಲ.

ಅಚ್ಚುಬೆಲ್ಲ

ಗುರುಗಳೇ, ಸಂಕ್ರಾಂತಿಗೆ ನಮ್ಮ ಮನೆಗೆ ಬಂದ ಸಕ್ಕರೆ ಅಚ್ಚಿನಲ್ಲಿ ನೀವು ಎಷ್ಟು ತಿಂದಿದ್ದೀರಿ ಹೇಳಿ. ಎಳ್ಳು ಬೆಲ್ಲ ಖಾಲಿಯಾಗುತ್ತೆ, ಕಬ್ಬು ಖಾಲಿಯಾಗುತ್ತೆ. ಗಿಳಿ, ಆನೆ, ತುಳಸಿಕಟ್ಟೆ ಎಲ್ಲ ಡಬ್ಬದಲ್ಲಿ ಶಿವರಾತ್ರಿವರೆಗೂ ಇರುತ್ತವೆ. ಕೊನೆಗೆ ಪಾಯಸಕ್ಕೆ ಬೀಳುತ್ತವೆ. ಹಬ್ಬದ ಮಿಠಾಯಿ ನೋಡೋದಕ್ಕೇ ಜಾಸ್ತಿ.

ನಂದೊಂದು ಕಥೆ ಇದೆ. ನಾವು ಮೈಸೂರಲ್ಲಿ. ಮನೆಯಲ್ಲಿ ಮರದ ಅಚ್ಚು ಇವೆ, ಅಜ್ಜಿ ಕಾಲದವು. ಎರಡು ಹೋಳು ಜೋಡಿಸಿ ದಾರ ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಪಾಕ ಬಿಸಿಯಾಗಿ ಹೊಯ್ಯಬೇಕು. ಒಂದು ವರ್ಷ ತಮ್ಮನಿಗೆ ಹುಚ್ಚು ಹತ್ತಿತು. ಅಚ್ಚಿನ ಆನೆಗಳನ್ನ ಇಟ್ಟು ಗಂಧದ ಗುಡಿ ಮಾಡ್ತೀನಿ ಅಂದ. 1973ರ ಸಿನಿಮಾ, ಕಾಡು, ಆನೆ ಎಲ್ಲ ಇದೆಯಲ್ಲ. ಕೊತ್ತಂಬರಿ ಸೊಪ್ಪು ನೆಟ್ಟು ಕಾಡು ಮಾಡಿದ. ಹನ್ನೊಂದು ಆನೆ. ಫಾರೆಸ್ಟ್ ಆಫೀಸರ್ ಜಾಗಕ್ಕೆ ಒಂದು ಬಾಳೆಗೊನೆ ಅಚ್ಚು, ಅದಕ್ಕೆ ಕಾಗದದ ಹ್ಯಾಟು. ರಾತ್ರಿ ಹೊತ್ತಾಯ್ತು, ಬೆಳಿಗ್ಗೆ ವಿಡಿಯೊ ಮಾಡೋಣ ಅಂತ ಮಲಗಿದೆವು.

ಬೆಳಿಗ್ಗೆ ನೋಡಿದರೆ ಬಿಳಿ ಆನೆಗಳೆಲ್ಲ ಕೆಂಪಗಾಗಿ ಅಲ್ಲಾಡುತ್ತಿದ್ದವು. ಪೂರ್ತಿ ಇರುವೆ. ಇರುವೆ ಆನೇನ ಸೋಲಿಸ್ತು ಅಂತ ಮಕ್ಕಳ ಕಥೆಯಲ್ಲಿ ಓದಿದ್ದೆ, ಆವತ್ತು ಕಣ್ಣಾರೆ ನೋಡಿದೆ. ತಮ್ಮ ಅದನ್ನೇ ವಿಡಿಯೊ ಮಾಡಿದ. ನಿಜ ಹೇಳಬೇಕು ಅಂದರೆ ಅವನ ಪ್ಲಾನಿಗಿಂತ ಅದೇ ಚೆನ್ನಾಗಿತ್ತು.

ಫ್ರೇಮಿಗೊಂದು_ಫೋಟೊ

ನಾನು ಅನಿಮೇಶನ್ ಸ್ಟುಡಿಯೊದಲ್ಲಿ ಕೆಲಸ ಮಾಡಿದವನು. ವಿಡಿಯೊ ಮಾಡ್ತೀರಿ ಅಂದರೆ ಗಿರಿ ಹೇಳಿದ ಬರ್ಡ್ಸೇ ಸರಿ. ಅದಕ್ಕೆ ಕಾರಣ ಕೆಲಸದ್ದು, ಕಲೆಯದ್ದಲ್ಲ.

ಸ್ಟಾಪ್ ಮೋಷನ್‌ನಲ್ಲಿ ಬೊಂಬೇನ ಕೂದಲೆಳೆಯಷ್ಟು ಸರಿಸೋದು, ಒಂದು ಫೋಟೊ. ಮತ್ತೆ ಸರಿಸೋದು, ಇನ್ನೊಂದು ಫೋಟೊ. ಸೆಕೆಂಡಿಗೆ 12 ಫೋಟೊ ಅಂದರೂ ಒಂದು ನಿಮಿಷಕ್ಕೆ 720. ಪೀಪ್ಸ್ ಮುಟ್ಟಿದ ಕಡೆಯೆಲ್ಲ ಸಕ್ಕರೆ ಉದುರುತ್ತೆ. 720 ಸಲ ಮುಟ್ಟಿದರೆ ಕೊನೆಗೆ ಬೋಳು ಮರಿ ಉಳಿಯುತ್ತೆ. 1933ರ ಕಿಂಗ್ ಕಾಂಗ್ ನೋಡಿದ್ದೀರಾ? ಆ ಗೊರಿಲ್ಲಾದ ತುಪ್ಪಳ ಸುಮ್ಮನೆ ನಿಂತಾಗಲೂ ಜುಮ್ ಅಂತ ಅಲುಗುತ್ತಿರುತ್ತೆ. ಗಾಳಿ ಅಲ್ಲ ಅದು. ಪ್ರತಿ ಫ್ರೇಮಿಗೂ ವಿಲ್ಲಿಸ್ ಓಬ್ರಿಯನ್ ಮತ್ತವರ ತಂಡ ಬೊಂಬೆ ಹಿಡಿದಾಗ ಬೆರಳು ಒತ್ತಿದ ಗುರುತು.

ಆದರೆ ಬರ್ಡ್ಸ್‌ನಲ್ಲಿ ಸ್ಕೂಲಿನ ದೃಶ್ಯ ಇದೆ. ಹೀರೊಯಿನ್ ಬೆಂಚಿನ ಮೇಲೆ ಕೂತು ಸಿಗರೇಟು ಸೇದುತ್ತಿರುತ್ತಾಳೆ. ಒಳಗೆ ಮಕ್ಕಳು ಹಾಡುತ್ತಿರುತ್ತಾರೆ. ಬೆನ್ನ ಹಿಂದೆ ಮಕ್ಕಳು ಹತ್ತಿ ಆಡುವ ಕಂಬಿಗಳ ಮೇಲೆ ಒಂದು ಕಾಗೆ ಬಂದು ಕೂರುತ್ತೆ. ಆಮೇಲೆ ನಾಲ್ಕೈದು. ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಕೊನೆಗೆ ಹಾರಿ ಬರುವ ಒಂದು ಕಾಗೆಯನ್ನ ಕಣ್ಣಲ್ಲೇ ಹಿಂಬಾಲಿಸಿ ತಿರುಗಿದರೆ ಕಂಬಿ ಪೂರ್ತಿ ಕಪ್ಪಗೆ ತುಂಬಿರುತ್ತೆ.

ಇಲ್ಲಿ ಯಾವ ಮರಿಯನ್ನೂ ಅಲುಗಾಡಿಸಬೇಕಾಗಿಲ್ಲ. ಕೆಲವು ಫೋಟೊಗೊಮ್ಮೆ ಒಂದೊಂದು ಮರಿ ಜಾಸ್ತಿ ಮಾಡುತ್ತಾ ಹೋಗಿ. ಒಂದು ಸಲ ಕೂರಿಸಿದ್ದನ್ನ ಮತ್ತೆ ಮುಟ್ಟಬೇಡಿ. 20 ಸೆಕೆಂಡ್ ಸಾಕು. ಅಂದರೆ 240 ಫೋಟೊ. ಸ್ಕೂಲ್ ಹುಡುಗಿ ಎರಡು ಮಧ್ಯಾಹ್ನದಲ್ಲಿ ಮುಗಿಸಬಹುದು.

ಎರಡು ಎಚ್ಚರಿಕೆ. ಫೋನಿನ ಕ್ಯಾಮೆರಾದಲ್ಲಿ ಫೋಕಸ್ಸು, ಎಕ್ಸ್‌ಪೋಶರ್ ಎರಡನ್ನೂ ಲಾಕ್ ಮಾಡಿ, ಇಲ್ಲಾಂದರೆ ಹಳದಿ ಬಣ್ಣ ಮಿಣಕ್ ಮಿಣಕ್ ಅನ್ನುತ್ತೆ. ಕಿಟಕಿ ಪರದೆ ಮುಚ್ಚಿ ಎಲ್‌ಇಡಿ ಲೈಟು ಹಾಕಿ. ಹಳೆ ಬಲ್ಬಿನ ಬಿಸಿಗೆ ಜೆಲಟಿನ್ ಮೆತ್ತಗಾಗಿ ಮರಿಗಳು ತೂಕಡಿಸುತ್ತವೆ.

ಲಾ_ಪಾಯಿಂಟ್

ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ಅಣಕಕ್ಕೆ ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ಜಾಗ ಇದೆ. ಹಳೆ ಪ್ರೇಮಗೀತೆಯೊಂದನ್ನ ರ‍್ಯಾಪ್ ತಂಡದವರು ಗೇಲಿ ಮಾಡಿದ ಕೇಸಿನಲ್ಲಿ 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ದುಡ್ಡಿಗೆ ಮಾಡಿದ ಅಣಕೂ ನ್ಯಾಯವಾದ ಬಳಕೆ ಆಗಬಹುದು ಅಂತ ಹೇಳಿತು. ಆದರೆ ಗೇಲಿ ಮೂಲದ ಮೇಲೇ ಇರಬೇಕು. ಬೇರೆ ಯಾರನ್ನೋ ಆಡಿಕೊಳ್ಳೋಕೆ ಮೂಲವನ್ನ ಬರೀ ವೇಷದ ಹಾಗೆ ತೊಟ್ಟರೆ ಕೋರ್ಟು ಅಷ್ಟು ಸುಲಭವಾಗಿ ಬಿಡಲ್ಲ. 1997ರಲ್ಲಿ ಒಂದು ಕೊಲೆ ಕೇಸನ್ನ ಮಕ್ಕಳ ಪುಸ್ತಕ ಬರೆದ ಡಾಕ್ಟರ್ ಸ್ಯೂಸ್ ಶೈಲಿಯ ಪದ್ಯದಲ್ಲಿ ಬರೆದವರು ಹೀಗೇ ಸೋತರು.

ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ವಿಮರ್ಶೆ ಅಂತ ಇದೆ, ಅಣಕು ಅನ್ನೋ ಪದವೇ ಇಲ್ಲ.

ಲೈಬ್ರರಿ ಡಬ್ಬಕ್ಕೆ ಯಾರೂ ನೋಟಿಸ್ ಕಳಿಸಲ್ಲ, ಧೈರ್ಯವಾಗಿರಿ. ಟೀ ಶರ್ಟ್ ಮೇಲೆ ಹಾಕಿ ಮಾರೋಕೆ ಹೊರಟಾಗ ನನಗೆ ಫೋನ್ ಮಾಡಿ.

ಮೊಸರನ್ನ

ಗಿರಿ ಹೇಳಿದ್ದು ಲಾ ಪಾಯಿಂಟೂ ಹೇಳಿದರು ನೋಡಿ. ಟೋಪಿ ಹಾಕಿದ ಕೋಳಿಮರಿ ಕೋರ್ಟಲ್ಲೂ ನಿಲ್ಲಲ್ಲ.

ಬೋಸ್ಟನ್_ಬಿಸಿಬೇಳೆ

ಈ ಡಬ್ಬದ ಹುಚ್ಚು ಒಂದು ಕಾಲದಲ್ಲಿ ಎಷ್ಟಿತ್ತು ಅಂದರೆ, ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯೇ 2007ರಿಂದ 2016ರವರೆಗೆ ಪ್ರತಿ ವರ್ಷ ಪೀಪ್ಸ್ ಸ್ಪರ್ಧೆ ನಡೆಸುತ್ತಿತ್ತು. 2009ರಲ್ಲಿ ಗೆದ್ದಿದ್ದು ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್‌ನ ರಾತ್ರಿ ಹೋಟೆಲಿನ ಪೇಂಟಿಂಗ್‌ನ ಅಣಕು. ಖಾಲಿ ಬೀದಿ, ಗಾಜಿನ ಹಿಂದೆ ಮಾತಿಲ್ಲದೆ ಕೂತವರು. ಮುಖದಲ್ಲಿ ಭಾವನೆ ಇಲ್ಲದ ಮಿಠಾಯಿಗೆ ಅದಕ್ಕಿಂತ ಒಳ್ಳೆ ಪಾತ್ರ ಬೇಕಾ? 2010ರಲ್ಲಿ "ಅಪ್" ಸಿನಿಮಾದ ಬಲೂನ್ ಮನೆ ಗೆದ್ದಿತು. ಮರುವರ್ಷ ಚಿಲಿಯ ಗಣಿಯಲ್ಲಿ ಸಿಕ್ಕಿಬಿದ್ದವರನ್ನ ಮೇಲೆತ್ತಿದ ದೃಶ್ಯ.

ಮಿಠಾಯಿ ಹುಟ್ಟಿದ ಕಥೆಯೂ ಚೆನ್ನಾಗಿದೆ. ಜಸ್ಟ್ ಬಾರ್ನ್ ಅನ್ನೋ ಕಂಪನಿ 1953ರಲ್ಲಿ ಇನ್ನೊಂದು ಮಿಠಾಯಿ ಕಂಪನಿಯನ್ನ ಕೊಂಡಿತು. ಅಲ್ಲಿ ಹೆಂಗಸರು ಚೀಲದಿಂದ ಹಿಂಡಿ ಹಿಂಡಿ ಒಂದೊಂದೇ ಮರಿ ಮಾಡುತ್ತಿದ್ದರು, ನಾವು ಚಕ್ಕುಲಿ ಒತ್ತಿದ ಹಾಗೆ. ಒಂದು ಮರಿ ಪೂರ್ತಿ ತಯಾರಾಗೋಕೆ 27 ಗಂಟೆ. ಮಾಲೀಕರ ಮಗ ಬಾಬ್ ಬಾರ್ನ್ ಯಂತ್ರ ಮಾಡಿಸಿ ಅದನ್ನ ಆರು ನಿಮಿಷಕ್ಕೆ ಇಳಿಸಿದರು. 2023ರಲ್ಲಿ 98ನೇ ವಯಸ್ಸಿಗೆ ತೀರಿಕೊಂಡರು. ಆ ರೆಕ್ಕೆ ಹೋಗಿದ್ದು ಕೂಡ ಯಂತ್ರದ ಕಾಲ ಬಂದ ಮೇಲೆಯೇ.

ಇನ್ನೊಂದು ಹೇಳದಿದ್ದರೆ ನಿದ್ದೆ ಬರಲ್ಲ. 1999ರಲ್ಲಿ ಅಟ್ಲಾಂಟಾದ ಎಮರಿ ಯೂನಿವರ್ಸಿಟಿಯ ಇಬ್ಬರು ಸಂಶೋಧಕರು ತಮಾಷೆಗೆ ಪೀಪ್ಸನ್ನ ನೀರು, ಅಸಿಟೋನ್, ಆಸಿಡ್ ಎಲ್ಲದರಲ್ಲೂ ಹಾಕಿ ನೋಡಿದರು. ಜಗ್ಗಲಿಲ್ಲ. ಕೊನೆಗೆ ಫಿನಾಲ್‌ನಲ್ಲಿ ಮೈ ಕರಗಿತು, ಕಣ್ಣು ಮಾತ್ರ ಉಳಿಯಿತು. ಕಣ್ಣು ಮಾಡೋದು ಮೇಣದಿಂದ.

ಮೊಸರನ್ನ

ಕಣ್ಣು ಮಾತ್ರ ಉಳಿಯಿತು ಅಂದರೆ ಅದೇ ಒಂದು ಹಾರರ್ ಸಿನಿಮಾ ಅಲ್ವಾ!

ಹಾರರ್ ಅಂದ ಮೇಲೆ, "ಸೈಕೋ" ಸಿನಿಮಾದ ಬಚ್ಚಲುಮನೆ ಕೊಲೆಯಲ್ಲಿ ಹರಿಯೋ ರಕ್ತ ಚಾಕೊಲೇಟ್ ಸಿರಪ್ಪು. ಕಪ್ಪುಬಿಳುಪು ಸಿನಿಮಾ ತಾನೇ, ಯಾರಿಗೂ ಗೊತ್ತಾಗಲಿಲ್ಲ. ಮಿಠಾಯಿಗೂ ಸಿನಿಮಾಗೂ ನಂಟು ಹೊಸದಲ್ಲ.

ಅಚ್ಚುಬೆಲ್ಲ

ಕಡೂರಿನವರೇ, ಒಂದು ಆಸೆ. ಯಾಕೆ ಇಂಗ್ಲಿಷ್ ಸಿನಿಮಾನೇ? ಕಸ್ತೂರಿ ನಿವಾಸ ಮಾಡಬಹುದಲ್ಲ? 1971ರ ಸಿನಿಮಾ, ಅದರಲ್ಲಿ ಪಾರಿವಾಳ ಇದೆ, ಹಕ್ಕಿಯ ಲೆಕ್ಕವೂ ಆಯ್ತು.

ಗಾಂಧಿಬಜಾರ್_ಗಿರಿ

ಅಕ್ಕ, ಕಸ್ತೂರಿ ನಿವಾಸಕ್ಕೆ ಕೈ ಹಾಕಿದರೆ ನಾನು ಇಲ್ಲಿಂದಲೇ ಧರಣಿ ಕೂರುತ್ತೇನೆ. ಆ ಪಾರಿವಾಳದ ದೃಶ್ಯಕ್ಕೆ ನಮ್ಮಪ್ಪ ಥಿಯೇಟರಲ್ಲಿ ಅತ್ತವರು. 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಟ್ಟಾಗ ಹೋಗಿ ಮತ್ತೆ ಅತ್ತರು.

ಅದು ಬಿಡಿ. ಪೆನ್ಸಿಲ್ವೇನಿಯಾದ ಲೈಬ್ರರಿಯಲ್ಲಿ ಅದು ಯಾರಿಗೆ ಗೊತ್ತು? ನೋಡುವವರ ತಲೆಯಲ್ಲಿ ಮೂಲ ಸಿನಿಮಾ ಮೊದಲೇ ಓಡುತ್ತಿರಬೇಕು. ಪಕ್ಕದಲ್ಲಿ ಚೀಟಿ ಅಂಟಿಸಿ ಕಥೆ ವಿವರಿಸಬೇಕಾಗಿ ಬಂದರೆ ಮುಗೀತು.

ಅಚ್ಚುಬೆಲ್ಲ

ಸರಿ ಸರಿ. ಮೈಸೂರಲ್ಲಿ ಮಾಡಿದರೆ ಎಲ್ಲರಿಗೂ ಗೊತ್ತಾಗುತ್ತೆ. ಮುಂದಿನ ಸಂಕ್ರಾಂತಿಗೆ ನಾನೇ ಮಾಡ್ತೀನಿ, ನೀವು ಧರಣಿಗೆ ಬನ್ನಿ. ಎಳ್ಳು ಬೆಲ್ಲ ಕೊಡ್ತೀನಿ.

ಕಡೂರು_ಹುಡುಗಿ

ಬರ್ಡ್ಸ್ ಅಂತ ತೀರ್ಮಾನ ಆಯ್ತು! ಮಗಳಿಗೆ ಆ ದೃಶ್ಯ ತೋರಿಸಿದೆ. ಉಗುರು ಕಚ್ಚಿಕೊಂಡು ನೋಡಿದಳು. ಇಲ್ಲಿಯವರೆಗಿನ ವರದಿ:

ಪ್ಯಾಕೆಟ್‌ನಲ್ಲಿ ಮರಿಗಳು ಐದೈದು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ಬಿಡಿಸಿದರೆ ಪಕ್ಕದಲ್ಲಿ ಸಕ್ಕರೆ ಇಲ್ಲದ ಬಿಳಿ ತೇಪೆ ಕಾಣುತ್ತೆ. ಥೇಟ್ ಬಣ್ಣ ಕಿತ್ತು ಬಂದ ಗೋಡೆ. ಇದಕ್ಕೇನು ಮಾಡೋದು?

ಎರಡನೇದು, ಆ ಕಂಬಿಗಳಿಗೆ ದೇವರ ಮನೆಯ ಊದಿನಕಡ್ಡಿ ಉರಿದ ಮೇಲೆ ಉಳಿದ ಕಡ್ಡಿಗಳನ್ನ ಕೂಡಿಸಿಟ್ಟು ಅಂಟಿಸಿದ್ದೆವು. ನೋಡೋಕೆ ಬಹಳ ಚೆನ್ನಾಗಿತ್ತು. ಹನ್ನೊಂದನೇ ಮರಿ ಕೂರಿಸುತ್ತಿದ್ದ ಹಾಗೆ ನಿಧಾನವಾಗಿ ಬಾಗಿ, ಹನ್ನೊಂದೂ ಸಾಲಾಗಿ ಜಾರಿ ಹೀರೊಯಿನ್ ತಲೆ ಮೇಲೆ ಬಿದ್ದವು. ಸಿನಿಮಾದಲ್ಲಿ ಆಗೋದೂ ಹೆಚ್ಚುಕಮ್ಮಿ ಅದೇ, ಆದರೆ ಅದು ನಂತರದ ದೃಶ್ಯ.

ಫ್ರೇಮಿಗೊಂದು_ಫೋಟೊ

ಹತ್ತರ ಪ್ಯಾಕೆಟ್ಟಿಗೆ 3 ಔನ್ಸ್, ಅಂದರೆ 85 ಗ್ರಾಂ. ನಾಲ್ಕು ಪ್ಯಾಕೆಟ್ ಕೂರಿಸಿದರೆ ಮುನ್ನೂರ ನಲವತ್ತು ಗ್ರಾಂ ಆಯ್ತು. ಊದಿನಕಡ್ಡಿ ತಡೆಯಲ್ಲ. ಕಬಾಬ್ ಚುಚ್ಚೋ ಬಿದಿರು ಕಡ್ಡಿ ತಗೊಳ್ಳಿ, ಹಾಟ್ ಗ್ಲೂ ಹಾಕಿ. ಮರಿಯನ್ನ ಕಂಬಿ ಮೇಲೆ ಇಡಬೇಡಿ. ಅರ್ಧ ಟೂತ್‌ಪಿಕ್ ಕೆಳಗಿಂದ ಚುಚ್ಚಿ, ಉಳಿದರ್ಧ ಕಂಬಿಗೆ ಕಟ್ಟಿ.

ಪ್ಯಾಕೆಟ್ಟನ್ನ ಈಗಲೇ ಬಿಚ್ಚಿ ಗಾಳಿಗೆ ಬಿಡಿ. ನಾಲ್ಕೈದು ದಿನದಲ್ಲಿ ಗಟ್ಟಿಯಾಗುತ್ತವೆ. ತಿನ್ನೋರಿಗೆ ಅದು ಹಳಸಿದ್ದು, ನಮಗೆ ಅದೇ ಹದ.

ಅಚ್ಚುಬೆಲ್ಲ

ಬಿಳಿ ತೇಪೆಗೆ ಒದ್ದೆ ಬ್ರಷ್ ಒಂದು ಸಲ ಆಡಿಸಿ, ಸಣ್ಣ ಸಕ್ಕರೆಗೆ ಚಿಟಿಕೆ ಅರಿಶಿನ ಕಲಸಿ ಉದುರಿಸಿ.

ಕಡೂರು_ಹುಡುಗಿ

ಅರಿಶಿನ ಕೇಳೋಕೆ ಒಳಗೆ ಹೋದೆ. "ಹಂದಿ ಮಿಠಾಯಿಗೆ ಅರಿಶಿನ ಬೇರೆ ಹಚ್ತೀರಾ?" ಅಂದರು ಅತ್ತೆ. ಆದರೆ ಕೊಟ್ಟರು.

ಹತ್ತು ನಿಮಿಷ ಬಿಟ್ಟು ಗ್ಯಾರೇಜ್ ಬಾಗಿಲಲ್ಲಿ ನಿಂತಿದ್ದರು. "ನಾನು ಮುಟ್ಟಲ್ಲ, ಸುಮ್ನೆ ನೋಡ್ತೀನಿ" ಅಂತ. ಆಮೇಲೆ ಕುರ್ಚಿ ತರಿಸಿಕೊಂಡರು. ಅವರು ನಲವತ್ತು ವರ್ಷ ದಸರಾ ಬೊಂಬೆ ಕೂರಿಸಿದವರು. "ಎಲ್ಲ ಒಂದೇ ಅಳತೆ ಇಟ್ರೆ ಹಿಂದಿನದು ಹೇಗೆ ದೂರ ಕಾಣುತ್ತೆ? ಹಿಂದೆ ಇಡೋದನ್ನ ಅರ್ಧ ಕತ್ತರಿಸು. ಮೆಟ್ಟಿಲು ಮಾಡು" ಅಂದರು. ಮಗಳು ಹಿಂದಿನ ಸಾಲಿನ ಮರಿಗಳನ್ನ ಕತ್ತರಿಯಲ್ಲಿ ಸಣ್ಣ ಮಾಡಿದಳು. ಫೋನಿನಲ್ಲಿ ನೋಡಿದರೆ ಶೂ ಡಬ್ಬ ಹೋಗಿ ಸ್ಕೂಲ್ ಮೈದಾನ ಆಗಿಬಿಟ್ಟಿತ್ತು!

ಮೂರನೇ ದಿನ ಹಳೆ ಇಕ್ಕಳ ಹಿಡಿದು ಬಂದರು. ಅದು ಮತ್ತೆ ಅಡುಗೆಮನೆಗೆ ಬರಬಾರದು ಅಂತ ಷರತ್ತು. ಈಗ ಇಕ್ಕಳದಲ್ಲಿ ಹಿಡಿದು ಒಂದೊಂದೇ ಮರಿ ಕೂರಿಸೋರು ಅವರೇ. ಬೆರಳಿನ ಗುರುತೂ ಬೀಳುತ್ತಿಲ್ಲ.

ಡೆಟ್ರಾಯಿಟ್_ಭಟ್ಟ

ಅತ್ತೆಗೆ ನನ್ನ ನಮಸ್ಕಾರ ಹೇಳಿ. ಇಕ್ಕಳದ ಉಪಾಯ ಗೊತ್ತಿದ್ದರೆ ನಾನೂ ಅಮ್ಮನಿಗೆ ನಿಜ ಹೇಳುತ್ತಿದ್ದೆ.

ಗಾಂಧಿಬಜಾರ್_ಗಿರಿ

ಹೀರೊಯಿನ್ ಯಾರು? ಟಿಪ್ಪಿ ಹೆಡ್ರನ್ ಆ ಸಿನಿಮಾದಲ್ಲಿ ತಿಳಿ ಹಸಿರು ಸೂಟು ಹಾಕಿರುತ್ತಾಳೆ. ಅದಿಲ್ಲದಿದ್ದರೆ ಗುರುತು ಸಿಗಲ್ಲ. ಇನ್ನು, ಹಿನ್ನೆಲೆ ಸಂಗೀತ ಹಾಕಬೇಡಿ. ಮೂಲದಲ್ಲೂ ಇಲ್ಲ. ಟ್ರೌಟೋನಿಯಂ ಅನ್ನೋ ಎಲೆಕ್ಟ್ರಾನಿಕ್ ವಾದ್ಯದಿಂದ ಹಕ್ಕಿಗಳ ಸದ್ದು ಮಾಡಿಸಿದ್ದರು ಅಷ್ಟೇ. ಕೊನೆಯಲ್ಲಿ ಮುಕ್ತಾಯ ಅಂತ ಅಕ್ಷರವೂ ಬರಲ್ಲ.

ಕಡೂರು_ಹುಡುಗಿ

ಗುಲಾಬಿ ಮೊಲದ ಪೀಪ್. ಮೈಗೆ ಹಸಿರು ಬ್ಲೌಸ್ ಪೀಸು, ಯಾರದೋ ಗೃಹಪ್ರವೇಶದಲ್ಲಿ ಬಂದಿದ್ದು. ಸಿಗರೇಟು ತೆಗೆದೆವು, ಕೈಗೆ ಕಾಫಿ ಲೋಟ ಕೊಟ್ಟೆವು. ಅಂದರೆ ಎದೆಗೆ ಅಂಟಿಸಿದೆವು, ಕೈ ಎಲ್ಲಿದೆ? ಸದ್ದಿಗೆ ಮಗಳು ಬಲೂನಿಗೆ ಒದ್ದೆ ಬೆರಳು ಉಜ್ಜಿದಳು. ಕೀಂಯ್ ಅನ್ನುತ್ತೆ. ನಾಯಿ ಮನೆ ಬಿಟ್ಟು ಓಡಿತು.

ಕಡೂರು_ಹುಡುಗಿ

ರಿಸಲ್ಟ್ ಬಂತು. ಪ್ರೈಜ್ ಇಲ್ಲ. ಎಂಟು ವರ್ಷದ ಹುಡುಗ ಮಾಡಿದ ವಿಜರ್ಡ್ ಆಫ್ ಓಝ್‌ಗೆ ಮೊದಲ ಬಹುಮಾನ. ಹಳದಿ ಇಟ್ಟಿಗೆ ರಸ್ತೆಯನ್ನ ಬರೀ ಮರಿಗಳ ಬೆನ್ನಿನಿಂದಲೇ ಮಾಡಿದ್ದ. ನೋಡಿ ನಮಗೇ ಹೊಟ್ಟೆಕಿಚ್ಚಾಯ್ತು.

ಆದರೆ ಒಂದು ಹೇಳಬೇಕು. ನಮ್ಮ ಡಬ್ಬದ ಮುಂದೆ ಒಬ್ಬ ವಯಸ್ಸಾದ ತಾತ ಬಂದು ನಿಂತರು. ಹೆಸರಿನ ಚೀಟಿ ಕೆಳಗೆ ಬಿದ್ದುಹೋಗಿತ್ತು, ನಾವು ನೋಡಿರಲಿಲ್ಲ. ಬಗ್ಗಿ ಬೆಂಚ್ ಮೇಲಿನ ಗುಲಾಬಿ ಮೊಲವನ್ನೇ ನೋಡಿ ಮೆಲ್ಲಗೆ, "ತಿರುಗಿ ನೋಡಬೇಡಮ್ಮ" ಅಂದರು. ಅತ್ತೆಗೆ ಇಂಗ್ಲಿಷ್ ಅಷ್ಟು ಬರಲ್ಲ. ಏನಂದರು ಅಂತ ಕೇಳಿದರು. ಹೇಳಿದೆ. ಮನೆಗೆ ಬರುವವರೆಗೂ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ಗಾಂಧಿಬಜಾರ್_ಗಿರಿ

ಚೀಟಿ ಇಲ್ಲದೇ!

ಸುಮ್ನಿರು_ಗುರು

ವಿಡಿಯೊ ಇದ್ರೆ ಹಾಕಿ ಮೇಡಂ. ಸುಮ್ನೆ ನೋಡೋಣ ಅಂತ.

ಕಡೂರು_ಹುಡುಗಿ

ಮಗಳ ದನಿ ಇದೆ, ಎಡಿಟ್ ಮಾಡಿ ಹಾಕ್ತೀನಿ ಗುರು ಅವರೇ. ಉಳಿದ ಇಪ್ಪತ್ತೇಳು ಮರಿ ಗ್ಯಾರೇಜಲ್ಲಿ ಕಲ್ಲಿನ ಹಾಗೆ ಕೂತಿವೆ. ಇರುವೆ ಕೂಡ ಬಂದಿಲ್ಲ. ಬಿಸಾಡೋಣ ಅಂದರೆ ಅತ್ತೆ ಬೇಡ ಅಂತಾರೆ, ಬೇರೆ ಡಬ್ಬಕ್ಕೆ ಕಿಟಕಿ ಕತ್ತರಿಸುತ್ತಾ ಕೂತಿದ್ದಾರೆ. ಮೊಸರನ್ನ ಅವರೇ, ಆ ಪ್ಲಾಸ್ಟರ್ ಎಡಗಾಲಿಗೋ ಬಲಗಾಲಿಗೋ? ಅವರೇ ಕೇಳ್ತಿದ್ದಾರೆ.